ಸ್ಪೀಕರ್ ಕೊಳ್ಳುವ ಮೊದಲು ರಿವ್ಯೂ ಎಷ್ಟು ನಂಬಬೇಕು?

ಪ್ರಶ್ನೆ (ಧಾರವಾಡದಿಂದ)

ಸರ್, ನಮಸ್ಕಾರ. ಮುಂದಿನ ತಿಂಗಳು ಅಪ್ಪ ರಿಟೈರ್ ಆಗುತ್ತಾರೆ. ಅವರಿಗೆ ಒಂದು ಒಳ್ಳೆಯ ಸ್ಟೀರಿಯೋ ಕೊಡಿಸಬೇಕು ಅಂತ ನನಗೂ ತಂಗಿಗೂ ಆಸೆ. ಬಜೆಟ್ 60 ಸಾವಿರ. ಅವರು ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ನಡುನಡುವೆ ರಾಜ್‌ಕುಮಾರ್ ಹಾಡು. ರೂಮು 10 ಅಡಿ ಅಗಲ, 12 ಅಡಿ ಉದ್ದ. ನೆಲಕ್ಕೆ ಟೈಲ್ಸ್. ಒಂದೂವರೆ ತಿಂಗಳಿಂದ ರಿವ್ಯೂ ನೋಡುತ್ತಿದ್ದೇನೆ. ಒಬ್ಬರು "ಈ ಬೆಲೆಗೆ ಇದನ್ನು ಮೀರಿಸುವುದು ಇಲ್ಲ" ಅಂದ ಸ್ಪೀಕರನ್ನೇ ಇನ್ನೊಬ್ಬರು "ಕಿವಿ ಚುಚ್ಚುತ್ತದೆ" ಅನ್ನುತ್ತಾರೆ. ತಲೆ ಕೆಟ್ಟುಹೋಗಿದೆ. ನೀವೇ ಒಂದು ಮಾಡೆಲ್ ಹೇಳಿಬಿಡಿ ಸರ್, ಅದನ್ನೇ ತಗೊಳ್ಳುತ್ತೇನೆ.

ಉತ್ತರ

ಮಾಡೆಲ್ ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ರೂಮು ನಾನು ನೋಡಿಲ್ಲ. ರೂಮು ನೋಡದೆ ಹೇಳಿದರೆ ಅದೂ ನೀವು ಈಗಾಗಲೇ ನೋಡಿರುವ ರಿವ್ಯೂಗಳ ಜೊತೆ ಇನ್ನೊಂದು ಸೇರಿದ ಹಾಗೆ.

ಆ ಇಬ್ಬರು ರಿವ್ಯೂದಾರರೂ ನಿಜವನ್ನೇ ಹೇಳಿರಬಹುದು. ಒಬ್ಬರ ಮನೆಯಲ್ಲಿ ದಪ್ಪ ಕಾರ್ಪೆಟ್ಟು, ಸೋಫಾ, ಗೋಡೆ ತುಂಬಾ ಪುಸ್ತಕ ಇರುತ್ತದೆ. ಇನ್ನೊಬ್ಬರದು ನಿಮ್ಮ ಹಾಗೆ ಟೈಲ್ಸ್ ನೆಲ, ಸಿಮೆಂಟ್ ಗೋಡೆ. ಅದೇ ಸ್ಪೀಕರ್ ಮೊದಲನೇ ಮನೆಯಲ್ಲಿ ಹಿತವಾಗಿ ಕೇಳಿಸುತ್ತದೆ, ಎರಡನೇ ಮನೆಯಲ್ಲಿ ಚುಚ್ಚುತ್ತದೆ. ನಿಮ್ಮ ರೂಮಿನ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ "ಟ್ರ್ರ್ರ್" ಅಂತ ಒಂದು ಬಾಲ ಬಂತಾ? ಆ ಬಾಲ ನೀವು ತರುವ ಎಲ್ಲ ಸ್ಪೀಕರಿಗೂ ಅಂಟಿಕೊಳ್ಳುತ್ತದೆ.

ಬೇಸಿನ, ಅಂದರೆ ತಗ್ಗಿನ ದಪ್ಪ ಸ್ವರಗಳ ಕಥೆ ಇನ್ನೂ ಗಟ್ಟಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ 56 ಹರ್ಟ್ಜ್ (ಸೆಕೆಂಡಿಗೆ 56 ಕಂಪನ) ಸುತ್ತಮುತ್ತಲಿನ ಸ್ವರ ಅಲ್ಲೇ ಸಿಕ್ಕಿಕೊಂಡು ಊದಿಕೊಳ್ಳುತ್ತದೆ. 12 ಅಡಿಗೆ ಅದು 47 ಹರ್ಟ್ಜ್. ನಮ್ಮ ಮನೆಗಳಲ್ಲಿ ಸೂರೂ ಸಾಮಾನ್ಯವಾಗಿ 10 ಅಡಿ ಎತ್ತರವೇ, ಅಲ್ವಾ? ಹಾಗಿದ್ದರೆ ಅಗಲ, ಎತ್ತರ ಎರಡೂ ಸೇರಿ ಅದೇ 56ನ್ನು ಎತ್ತಿ ಹಿಡಿಯುತ್ತವೆ. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಜ್. ಹಾಗಾಗಿ ಬೇಸ್ ಗಿಟಾರ್ ಇರುವ ಸಿನಿಮಾ ಹಾಡು ಹಾಕಿದಾಗ ಆ ಒಂದು ಸ್ವರ ಮಾತ್ರ "ಗುಂಯ್" ಅನ್ನುತ್ತದೆ, ಪಕ್ಕದ ಸ್ವರ ತೆಳ್ಳಗೆ ಬರುತ್ತದೆ. ಇದನ್ನು ಯಾವ ರಿವ್ಯೂ ನಿಮಗೆ ಹೇಳಲು ಸಾಧ್ಯ?

ನಾನು ಇದನ್ನು ಪೆಟ್ಟು ತಿಂದು ಕಲಿತವನು. ಮನೆಗಳಿಗೆ ಸ್ಪೀಕರ್ ಹಾಕಿಸುವ ಕೆಲಸಕ್ಕೆ ಇಳಿದ ಹೊಸತರಲ್ಲಿ, ಎಲ್ಲರೂ ಹೊಗಳಿದ ಒಂದು ಜೊತೆ ಟವರ್ ಸ್ಪೀಕರ್ (ನೆಲದ ಮೇಲೆ ನಿಲ್ಲಿಸುವ ಎತ್ತರದ್ದು) ಬೆಂಗಳೂರಿನ ಒಂದು ಮನೆಗೆ ಹಾಕಿಸಿದೆ. ಮನೆಯವರು ವಾರಕ್ಕೇ ಫೋನ್ ಮಾಡಿದರು, "ತಲೆನೋವು ಬರುತ್ತಿದೆ, ವಾಪಸ್ ತಗೊಂಡು ಹೋಗಿ" ಅಂತ. ಹೋಗಿ ನೋಡಿದರೆ ಎರಡೂ ಸ್ಪೀಕರ್ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಒಂದೂವರೆ ಅಡಿ ಮುಂದೆ ಎಳೆದೆ. ಅರ್ಧ ತೊಂದರೆ ಅಲ್ಲೇ ಹೋಯಿತು. ಉಳಿದರ್ಧ ಹೋಗಲಿಲ್ಲ. ಆ ರೂಮಿಗೆ ಆ ಸ್ಪೀಕರ್ ದೊಡ್ಡದಾಗಿತ್ತು. ಕೊನೆಗೆ ಚಿಕ್ಕದು ತಂದುಕೊಟ್ಟೆ.

ನಿಮ್ಮ ರೂಮಿಗೂ ಟವರ್ ಬೇಡ. 5 ಅಥವಾ 6 ಇಂಚಿನ ವೂಫರ್ (ಬೇಸ್ ಕೊಡುವ ದೊಡ್ಡ ಕೋನ್) ಇರುವ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರಿನ ಒಂದು ಜೊತೆ ಸಾಕು. ದುಡ್ಡಿನ ದೊಡ್ಡ ಪಾಲು, ಅಂದರೆ 35 ಸಾವಿರದವರೆಗೆ, ಸ್ಪೀಕರಿಗೆ ಹಾಕಿ. 15ರ ಒಳಗೆ ಆಂಪ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ ನೋಡಿ. ಉಳಿದದ್ದು ಸ್ಟ್ಯಾಂಡು, ವೈರು, ದಪ್ಪ ಪರದೆ, ನೆಲಹಾಸು. ನವಲಗುಂದದ ಜಮಖಾನ ನಿಮಗೆ ಹತ್ತಿರದಲ್ಲೇ ಸಿಗುತ್ತದೆ. ತೆಳ್ಳಗಿದ್ದರೆ ಎರಡು ಪದರ ಹಾಸಿ. ಬೇಸಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಚಪ್ಪಾಳೆಯ ಬಾಲ ಖಂಡಿತ ಕಡಿಮೆ ಆಗುತ್ತದೆ.

ಇನ್ನು ರಿವ್ಯೂ ಓದುವ ಬಗ್ಗೆ. ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ರುಚಿಯ ಮಾತು ಬೇರೆ, ಕಂಡ ದೋಷ ಬೇರೆ. "ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹಮ್ ಬರುತ್ತದೆ", "ಬ್ಲೂಟೂತ್ ಕಟ್ ಆಗುತ್ತದೆ", "ಎಂಟು ತಿಂಗಳಿಗೆ ಒಂದು ಕಡೆ ಸತ್ತಿತು, ಸರ್ವಿಸ್‌ಗೆ ಬೆಂಗಳೂರಿಗೇ ಕಳಿಸಬೇಕಾಯಿತು". ಇಂಥ ಮಾತು ನಾಲ್ಕು ಜನ ಬೇರೆ ಬೇರೆಯಾಗಿ ಹೇಳಿದ್ದರೆ ನಂಬಿ. ಅದು ಯಾರ ರೂಮಿಗೂ ಸೇರಿದ್ದಲ್ಲ. ಶಾಪಿಂಗ್ ಸೈಟುಗಳಲ್ಲಿ ಐದು ಸ್ಟಾರ್ ಬಿಟ್ಟು ಎರಡು, ಮೂರು ಸ್ಟಾರ್ ಕೊಟ್ಟವರದು ಓದಿ. ಒಂದು ವರ್ಷ ಬಳಸಿ ಬರೆದದ್ದು ಸಿಕ್ಕರೆ ಅದು ಚಿನ್ನ.

"ವಾರ್ಮ್", "ಓಪನ್", "ಮ್ಯೂಸಿಕಲ್" ಅನ್ನುವ ಮಾತುಗಳು ಮಾತ್ರ ಬರೆದವರ ಮನೆಯಿಂದ ಆಚೆ ಬರುವುದಿಲ್ಲ. ಇದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದ ಉದಾಹರಣೆಯೇ ಇದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1970ರಲ್ಲಿ ಬೋಸ್ 901 ಸ್ಪೀಕರಿನ ವಿಮರ್ಶೆ ಮಾಡಿ, ವಾದ್ಯಗಳ ಶಬ್ದ ರೂಮಿನ ತುಂಬಾ ಅಲೆದಾಡಿದ ಹಾಗೆ ಕೇಳಿಸುತ್ತದೆ ಅಂತ ಬರೆಯಿತು. ಕಂಪನಿ ಕೇಸು ಹಾಕಿತು. ಪತ್ರಿಕೆಗಾಗಿ ಆ ಸ್ಪೀಕರ್ ಕೇಳಿ ಪರೀಕ್ಷಿಸಿದ್ದ ಇಂಜಿನಿಯರ್ ಕೋರ್ಟಿನಲ್ಲಿ ವಿವರಿಸಿದ್ದು ಬೇರೆಯೇ. ಶಬ್ದ ಆ ಕಡೆ ಈ ಕಡೆ ಸರಿದದ್ದು ಎರಡು ಸ್ಪೀಕರ್ ನಡುವಿನ ಗೋಡೆಯ ಉದ್ದಕ್ಕೆ ಅಂತ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರಲ್ಲಿ ಪತ್ರಿಕೆಯ ಪರವಾಗಿ ತೀರ್ಪು ಬಂತು. ಪಳಗಿದ ಕಿವಿ ಕೇಳಿದ್ದು ಒಂದು, ಅಚ್ಚಿನಲ್ಲಿ ಬಂದದ್ದು ಇನ್ನೊಂದು. ಮೋಸ ಇಲ್ಲದೆಯೂ ಹೀಗಾಗುತ್ತದೆ.

ಮೋಸದ ವಿಷಯವೂ ಇದೆ. ಸ್ಪೀಕರ್ ದುಡ್ಡು ಕೊಟ್ಟು ತಂದದ್ದಾ, ಕಂಪನಿ ಸುಮ್ನೆ ಕಳಿಸಿದ್ದಾ? ಬಿಟ್ಟಿ ಬಂದದ್ದಾದರೆ ಅದನ್ನು ಹೇಳಲೇಬೇಕು, ವಿಡಿಯೋ ಕೆಳಗಿನ ವಿವರದಲ್ಲಿ ಮಾತ್ರ ಬರೆದರೆ ಸಾಲದು, ವಿಡಿಯೋದ ಒಳಗೇ ಬರಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾಗೆ ಹೇಳಿದವರು ಕೆಟ್ಟವರು ಅಂತಲ್ಲ. ಹೇಳಿದವರನ್ನೇ ನಾನು ಸ್ವಲ್ಪ ಜಾಸ್ತಿ ನಂಬುತ್ತೇನೆ. ಒಂದೇ ಒಂದು ಕೊರತೆಯನ್ನೂ ಹೇಳದ ರಿವ್ಯೂ, ಪಕ್ಕದಲ್ಲಿ ಇನ್ನೊಂದು ಸ್ಪೀಕರ್ ಇಟ್ಟು ಹೋಲಿಸದ ರಿವ್ಯೂ, ಇವೆರಡನ್ನೂ ಅರ್ಧಕ್ಕೇ ನಿಲ್ಲಿಸಿಬಿಡಿ.

"ಸೌಂಡ್ ಡೆಮೊ" ವಿಡಿಯೋ ನೋಡಿ ನಿರ್ಧಾರ ಮಾಡಲೇಬೇಡಿ. ಅವರ ಸ್ಪೀಕರ್, ಅವರ ರೂಮು, ಅವರ ಮೈಕು ದಾಟಿ ಬಂದ ಶಬ್ದವನ್ನು ನೀವು ನಿಮ್ಮ ಇಯರ್‌ಫೋನಿನಲ್ಲಿ ಕೇಳುತ್ತಿದ್ದೀರಿ.

ಪ್ರಶ್ನೆ (ಸುರತ್ಕಲ್‌ನಿಂದ, ವಿದ್ಯಾರ್ಥಿ)

ಅಣ್ಣಾ, ಹಾಗಾದರೆ ಗ್ರಾಫ್ ಹಾಕುವ ರಿವ್ಯೂಗಳನ್ನು ಮಾತ್ರ ನಂಬಿದರೆ ಆಗಲ್ವಾ? ಮೆಷಿನ್ ಸುಳ್ಳು ಹೇಳುವುದಿಲ್ಲವಲ್ಲ.

ಉತ್ತರ

ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅಂತ ಅಳೆದು ತೋರಿಸುವ ಗ್ರಾಫ್ ಒಳ್ಳೆಯ ಜರಡಿ. ನಾನೂ ಮೊದಲು ಅದನ್ನೇ ನೋಡುತ್ತೇನೆ. ಎದುರಿನಿಂದ ಅಳೆದ ಗೆರೆ ಹೆಚ್ಚುಕಡಿಮೆ ಸಮವಾಗಿರಬೇಕು. ಪಕ್ಕದಿಂದ ಅಳೆದ ಗೆರೆಗಳು ಟ್ರೆಬಲ್ (ಏರು ಸ್ವರ) ಕಡೆಗೆ ನಿಧಾನವಾಗಿ ಇಳಿಯಬೇಕು, ನಡುವೆ ಗುಂಡಿ, ಗುಡ್ಡ ಇರಬಾರದು. ಪಕ್ಕಕ್ಕೆ ಹೋದ ಶಬ್ದವೇ ಗೋಡೆಗೆ ಬಡಿದು ನಿಮ್ಮ ಕಿವಿಗೆ ವಾಪಸ್ ಬರುವುದು. ಅದಕ್ಕೇ ಅದು ಮುಖ್ಯ.

ಈ ವಿದ್ಯೆಗೆ ಬುನಾದಿ ಹಾಕಿದವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದು ಆಮೇಲೆ ಹರ್ಮನ್ ಕಂಪನಿಗೆ ಹೋದ ಫ್ಲಾಯ್ಡ್ ಟೂಲ್. ಅವರೂ ಶಾನ್ ಆಲಿವ್ ಅವರೂ ಸೇರಿ 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅವೇ ಸ್ಪೀಕರ್‌ಗಳನ್ನು ಜನರಿಗೆ ಒಮ್ಮೆ ಕಣ್ಣಿಗೆ ಕಾಣುವ ಹಾಗೆ, ಇನ್ನೊಮ್ಮೆ ಪರದೆ ಹಿಂದಿಟ್ಟು ಕೇಳಿಸಿದರು. ಕಾಣುತ್ತಿದ್ದಾಗ ದೊಡ್ಡ, ದುಬಾರಿ ಸ್ಪೀಕರಿಗೆ ಅಂಕ ಜಾಸ್ತಿ, ಚಿಕ್ಕ, ಅಗ್ಗದ ಸೆಟ್ಟಿಗೆ ಕಡಿಮೆ. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿತು. ಕಣ್ಣು ಕಿವಿಗೆ ಹೇಳಿಕೊಡುತ್ತದೆ ತಮ್ಮಾ. ನನ್ನ ಕಿವಿಗೂ ಹೇಳಿಕೊಡುತ್ತದೆ.

ಆಲಿವ್ ಆಮೇಲೆ ಗ್ರಾಫಿನಿಂದಲೇ ಜನರ ಮೆಚ್ಚುಗೆಯನ್ನು ಊಹಿಸುವ ಲೆಕ್ಕ ಕಟ್ಟಿದರು. ಅದರಲ್ಲಿ ಬೇಸಿನ ಪಾಲೇ ಸುಮಾರು 30%. ಈಗ ನೀನೇ ನೋಡು. 200-300 ಹರ್ಟ್ಜ್‌ಗಿಂತ ಕೆಳಗಿನದನ್ನು ಆಳುವುದು ರೂಮು. ಅಂದರೆ ಅತಿ ಒಳ್ಳೆಯ ಗ್ರಾಫ್ ಇದ್ದರೂ ಆ ಪಾಲು ನಿನ್ನ ಮನೆಗೆ ಬಂದ ಮೇಲೇ ಗೊತ್ತಾಗುವುದು. ಕೆಟ್ಟದ್ದನ್ನು ಹೊರಗಿಡಲು ಗ್ರಾಫ್ ಸಾಕು, ಕೊನೆಗೆ ಉಳಿದ ಎರಡು ಮೂರರಲ್ಲಿ ಆರಿಸಲು ಸಾಲದು.

ಪ್ರಶ್ನೆ (ದಾವಣಗೆರೆಯಿಂದ)

ಸರ್, ಆನ್‌ಲೈನಿನಲ್ಲಿ ಅಂಗೈಯಗಲದ ಆಂಪ್ ಸಿಗುತ್ತಿದೆ. 300 ವಾಟ್ ಎರಡು ಚಾನೆಲ್ ಅಂತ ಹಾಕಿದ್ದಾರೆ, ರಿವ್ಯೂನಲ್ಲೂ ಹಾಗೇ ಹೇಳುತ್ತಾರೆ. ನಿಜವಾ? ಮತ್ತೆ ಅಂಗಡಿಯವರು 8 ಸಾವಿರದ ಸ್ಪೀಕರ್ ವೈರ್ ಹಾಕಿ ಅಂತಿದ್ದಾರೆ.

ಉತ್ತರ

ಪೆಟ್ಟಿಗೆ ಬಿಡಿ, ಜೊತೆಗೆ ಕೊಡುವ ಅಡಾಪ್ಟರ್ ತಿರುಗಿಸಿ ನೋಡಿ. 32 ವೋಲ್ಟ್, 5 ಆಂಪಿಯರ್ ಅಂತ ಇದ್ದರೆ ಗುಣಿಸಿ. 160 ವಾಟ್. ಒಳಗೆ ಹೋಗುವುದೇ 160 ಇರುವಾಗ ಹೊರಗೆ 600 ಎಲ್ಲಿಂದ ಬರಬೇಕು? 32 ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ ಹೆಚ್ಚೆಂದರೆ 60 ವಾಟ್ ಚಿಲ್ಲರೆ. ಹಿಂದೆ ಸೆಟ್ಟುಗಳ ಮೇಲೆ ಪಿಎಂಪಿಒ ಅಂತ ಸಾವಿರಾರು ವಾಟ್ ಅಂಟಿಸುತ್ತಿದ್ದರಲ್ಲ, ಅದೇ ಚಾಳಿ. ಹಾಗಂತ ಆಂಪ್ ಕೆಟ್ಟದ್ದು ಅಂತಲ್ಲ. 60 ವಾಟ್ ಚಿಕ್ಕ ರೂಮಿಗೆ ಬೇಕಾದಷ್ಟಾಯಿತು. ಆದರೆ ಈ ಗುಣಾಕಾರ ಮಾಡದೆ 300 ಅಂತ ಓದಿ ಹೇಳಿದ ರಿವ್ಯೂದಾರರ ಉಳಿದ ಮಾತನ್ನೂ ಪಕ್ಕಕ್ಕಿಡಿ.

ವೈರಿಗೆ 8 ಸಾವಿರ ಕೊಡಬೇಡಿ. ಮನೆ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಸಾಕು. ಐದು ಮೀಟರ್ ದೂರಕ್ಕೆ, ಹೋಗಿ ಬರುವುದು ಸೇರಿ ಅದರ ರೆಸಿಸ್ಟೆನ್ಸ್ 0.07 ಓಮ್. ಸ್ಪೀಕರ್ 8 ಓಮ್. ತುದಿಯ ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದೂ ಎಳೆ ಪಕ್ಕದ ಟರ್ಮಿನಲ್‌ಗೆ ತಾಗದ ಹಾಗೆ ಕಟ್ಟಿ. ಆ ಎರಡು ನಿಮಿಷದ ಕೆಲಸವೇ ಮುಖ್ಯ.

ಪ್ರಶ್ನೆ (ಉಡುಪಿಯಿಂದ)

ನಮಸ್ಕಾರ. ಪರಿಚಯದವರ ಹತ್ತಿರ 90ರ ದಶಕದ ಟವರ್ ಸ್ಪೀಕರ್ ಇವೆ, ಕಡಿಮೆಗೆ ಕೊಡುತ್ತಾರಂತೆ. ಆಗಿನ ಕಾಲದ ರಿವ್ಯೂ ತುಂಬಾ ಚೆನ್ನಾಗಿದೆ. ತಗೊಳ್ಳಬಹುದಾ?

ಉತ್ತರ

ರಿವ್ಯೂ ಬರೆದಾಗ ಆ ಸ್ಪೀಕರ್ ಹೊಸದಾಗಿತ್ತು. ಮುಂದಿನ ಜಾಲರಿ ತೆಗೆದು ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ರಬ್ಬರ್ ಆಗಿದ್ದರೆ ಪರವಾಗಿಲ್ಲ. ಫೋಮ್ ಆಗಿದ್ದರೆ ಕರಾವಳಿಯ ಹವೆಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆ. ಆಗ ಅಂಚು ಬದಲಿಸುವ ಖರ್ಚು ಕಳೆದು ಚೌಕಾಸಿ ಮಾಡಿ.

ಪ್ರಶ್ನೆ (ಮತ್ತೆ ಧಾರವಾಡದಿಂದ)

ಸರ್, ತುಂಬಾ ಉಪಕಾರವಾಯಿತು. ಮೂರು ಮಾಡೆಲ್‌ಗೆ ಇಳಿಸಿದ್ದೇನೆ. ಶನಿವಾರ ಹುಬ್ಬಳ್ಳಿಯ ಅಂಗಡಿಗೆ ಅಪ್ಪನನ್ನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಏನು ಕೇಳಬೇಕು?

ಉತ್ತರ

ಅಪ್ಪನನ್ನು ಕರೆದುಕೊಂಡು ಹೋಗುವುದೇ ಅರ್ಧ ಕೆಲಸ. ಅವರಿಗೆ ಬಾಯಿಪಾಠ ಆಗಿರುವ ನಾಲ್ಕು ರೆಕಾರ್ಡಿಂಗ್ ಪೆನ್‌ಡ್ರೈವಿನಲ್ಲಿ ಹಾಕಿಕೊಳ್ಳಿ. ಅಂಗಡಿಯವರ ಡೆಮೊ ಹಾಡು ಎಲ್ಲ ಸ್ಪೀಕರಿನಲ್ಲೂ ಚೆನ್ನಾಗೇ ಕೇಳಿಸುತ್ತದೆ.

ಮೊದಲು ವಾಲ್ಯೂಮ್ ಸಮ ಮಾಡಿಸಿ. ಇದನ್ನು ಮಾತ್ರ ಬಿಡಬೇಡಿ. ಒಂದೇ ಡೆಸಿಬೆಲ್ ಜಾಸ್ತಿ ಇದ್ದರೆ ನಮಗೆ "ಜೋರು" ಅನಿಸುವುದಿಲ್ಲ, "ಚೆನ್ನಾಗಿದೆ" ಅನಿಸುತ್ತದೆ. 87 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ಶಕ್ತಿಗೆ ಎಷ್ಟು ಜೋರು ಬರುತ್ತದೆ ಅನ್ನುವ ಅಳತೆ) ಸ್ಪೀಕರ್ ಪಕ್ಕ 90ರದ್ದು ಇಟ್ಟು ಗುಂಡಿ ಮುಟ್ಟದೆ ಬದಲಿಸಿದರೆ 90ರದ್ದೇ ಗೆಲ್ಲುತ್ತದೆ. ಒಂದು ಅಂಗಡಿಯಲ್ಲಿ ಲಾಭ ಜಾಸ್ತಿ ಇರುವ ಜೊತೆಗೆ ಬಂದಾಗ ಮಾತ್ರ ರಿಮೋಟ್ ಎರಡು ಸಲ ಒತ್ತುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಫೋನಿಗೆ ಒಂದು ಸೌಂಡ್ ಮೀಟರ್ ಆಪ್ ಹಾಕಿಕೊಳ್ಳಿ. ಪಿಂಕ್ ನಾಯ್ಸ್ ಹಾಕಿಸಿ, ಅಂದರೆ ಜೋರು ಮಳೆಯ ಹಾಗೆ ಒಂದೇ ಸಮ ಸುರಿಯುವ ಶಬ್ದ. ಅಪ್ಪ ಕೂರುವ ಜಾಗದಲ್ಲೇ ಫೋನ್ ಹಿಡಿದು ಮೂರಕ್ಕೂ ಒಂದೇ ಅಂಕಿ ಬರುವ ಹಾಗೆ ವಾಲ್ಯೂಮ್ ಹೊಂದಿಸಿ, ಆ ಗುರುತು ಬರೆದುಕೊಳ್ಳಿ. ಫೋನಿನ ಅಂಕಿ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಹೋಲಿಕೆಗೆ ಸಾಕು.

ಆಮೇಲೆ ತಂಬೂರಿಯಿಂದ ಶುರು ಮಾಡಿ. ಆಲಾಪ ಶುರುವಾಗುವ ಮೊದಲಿನ ಅರ್ಧ ನಿಮಿಷ ಸಾಕು. ಒಳ್ಳೆಯ ಸ್ಪೀಕರಿನಲ್ಲಿ ಒಂದೊಂದು ತಂತಿ ಬಿಡಿಬಿಡಿಯಾಗಿ ಮೀಟಿದ್ದು ಗೊತ್ತಾಗುತ್ತದೆ, ಜವಾರಿಯ (ತಂತಿ ಕುದುರೆಗೆ ತಾಗಿ ಬರುವ) ಝೇಂಕಾರ ನಿಧಾನವಾಗಿ ಅರಳಿ ಕರಗುತ್ತದೆ. ಕೆಟ್ಟದ್ದರಲ್ಲಿ ಅದು ಬರೀ ಜೇನುಗೂಡು. ತಬಲಾದ ಎಡಗೈ ಒತ್ತಿ ಜಾರಿಸಿದಾಗ ಸ್ವರ ಮೇಲೇರುವುದು ತಿಳಿಯಬೇಕು, ಬರೀ "ಧುಮ್" ಅಂತ ಆಗಬಾರದು. ಹಾಡಿನ ಮಾತಿನಲ್ಲಿ ಸ, ಶ ಬಂದಾಗ ಕಿವಿಗೆ ಚುಚ್ಚಬಾರದು. ಕೊನೆಗೆ ಒಂದು ಹಳೆಯ ಮೋನೋ ರೆಕಾರ್ಡಿಂಗ್, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಶಬ್ದ ಬರುವುದನ್ನು ಹಾಕಿ. ದನಿ ಎರಡು ಸ್ಪೀಕರ್ ಮಧ್ಯದಲ್ಲಿ, ಒಬ್ಬ ಮನುಷ್ಯ ಕೂತ ಜಾಗದಿಂದ ಬಂದ ಹಾಗೆ ಇರಬೇಕು. ಎಲ್ಲೆಲ್ಲೋ ಹರಡಿಕೊಂಡರೆ ಒಂದು ಸ್ಪೀಕರಿಗೆ ಕೆಂಪು ಕಪ್ಪು ವೈರು ಅದಲುಬದಲಾಗಿರಬಹುದು. ಅದನ್ನು ಸರಿ ಮಾಡಿಸಿ ಮತ್ತೆ ಕೇಳಿ.

ಆಗ ಒಂದು ಕೆಲಸ ಮಾಡಿ. ಅಪ್ಪ ಕಣ್ಣು ಮುಚ್ಚಿಕೊಳ್ಳಲಿ, ಬೆಲೆ ಯಾರೂ ಹೇಳಬೇಡಿ. ಕೊನೆಗೆ ಉಳಿದದ್ದನ್ನು ಮನೆಗೆ ಒಯ್ದು ಕೇಳಿ ಬೇಡವಾದರೆ ವಾಪಸ್ ಕೊಡುತ್ತೇನೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಧಾರವಾಡದಿಂದ (ಮೂರು ವಾರದ ನಂತರ)

ಸರ್, ಅಪ್ಪ ಕಣ್ಣು ಮುಚ್ಚಿ ಐದು ಸಲ ಕೇಳಿದರು. ನಾಲ್ಕು ಸಲ ಮೂರರಲ್ಲಿ ಅಗ್ಗದ ಜೊತೆಯನ್ನೇ ಆರಿಸಿದರು, 24 ಸಾವಿರದ್ದು. ರಿವ್ಯೂಗಳಲ್ಲಿ ಅದಕ್ಕೆ ಮೂರನೇ ಸ್ಥಾನ ಇತ್ತು. ಮನೆಯಲ್ಲಿ ನೀವು ಹೇಳಿದ ಹಾಗೇ ಆಗುತ್ತಿದೆ, ಸಿನಿಮಾ ಹಾಡಿನಲ್ಲಿ ಒಂದು ಸ್ವರ ಗುಂಯ್ ಅನ್ನುತ್ತದೆ. ಅಪ್ಪನ ಕುರ್ಚಿ ಹಿಂದಿನ ಗೋಡೆಗೆ ತಾಗಿದೆ.

ಉತ್ತರ

ಕೇಳಿ ತುಂಬಾ ಸಂತೋಷವಾಯಿತು. ಕುರ್ಚಿಯನ್ನು ಗೋಡೆಯಿಂದ ಎರಡೂವರೆ ಅಡಿ ಮುಂದೆ ತನ್ನಿ, ಗೋಡೆ ಪಕ್ಕ ಬೇಸ್ ಯಾವಾಗಲೂ ಜಾಸ್ತಿ. ಸ್ಪೀಕರನ್ನು ಮೂಲೆಯಿಂದ ಆಚೆ ಎಳೆದು, ಟ್ವೀಟರ್ (ಏರು ಸ್ವರ ಕೊಡುವ ಚಿಕ್ಕ ಭಾಗ) ಅಪ್ಪನ ಕಿವಿಯ ಎತ್ತರಕ್ಕೆ ಬರುವ ಹಾಗೆ ಸ್ಟ್ಯಾಂಡ್ ಹೊಂದಿಸಿ. ಒಂದೊಂದೇ ಗೇಣು ಸರಿಸುತ್ತಾ ಅದೇ ಹಾಡು ಹಾಕಿ. ಗುಂಯ್ ಕಡಿಮೆಯಾದ ಕಡೆ ನೆಲಕ್ಕೆ ಟೇಪ್ ಅಂಟಿಸಿಬಿಡಿ, ಕಸ ಗುಡಿಸುವಾಗ ಸರಿದರೂ ವಾಪಸ್ ಅಲ್ಲೇ ಇಡಬಹುದು. ಆಮೇಲೆ ಜಮಖಾನ ಹಾಸಿ.