ಸೋಯಾ ಪ್ರೋಟೀನ್ ಫಿಲ್ಮ್ ಬಿರುಕು ಬಿಡುತ್ತಿದೆ, ತಟ್ಟೆಯಿಂದ ಏಳುತ್ತಿಲ್ಲ

ತೆಳುಪದರ
100 ಮಿಲಿ ನೀರಿಗೆ 5 ಗ್ರಾಂ ಸೋಯಾ ಪ್ರೋಟೀನ್ ಐಸೊಲೇಟ್ (ಸೋಯಾದಿಂದ ಬೇರ್ಪಡಿಸಿದ ಪ್ರೋಟೀನ್ ಪುಡಿ), ಫಿಲ್ಮ್ ಮೆದುವಾಗಿ ಬಾಗಲೆಂದು 1 ಗ್ರಾಂ ಗ್ಲಿಸರಾಲ್. ಪಿಎಚ್ ಮುಟ್ಟಿಲ್ಲ. 60 ಡಿಗ್ರಿಯಲ್ಲಿ 15 ನಿಮಿಷ ಕಲಕಿ, 9 ಸೆಂಮೀ ಗಾಜಿನ ಪೆಟ್ರಿ ಡಿಶ್‌ಗೆ 25 ಮಿಲಿ ಹೊಯ್ದು, 60 ಡಿಗ್ರಿ ಓವನ್‌ನಲ್ಲಿ ಒಣಗಿಸಿದ್ದು. ಅಂಚಿನಿಂದ ಬಿರುಕು, ನಡುವೆ ಬಿಳಿ ಕಾಳು, ಎಬ್ಬಿಸಲು ಹೋದರೆ ಚೂರುಚೂರು. ತಪ್ಪು ಗ್ಲಿಸರಾಲ್‌ನದೋ, ಒಣಗಿಸಿದ್ದರದೋ?

ಬೀಕರ್
ಎರಡರದ್ದೂ ಹೌದು, ಆದರೆ ಅದಕ್ಕೂ ಮೊದಲು ಪಿಎಚ್. ಸೋಯಾ ಪ್ರೋಟೀನಿನ ಐಸೋಎಲೆಕ್ಟ್ರಿಕ್ ಬಿಂದು (ಅಣುವಿನ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್) 4.5ರ ಆಸುಪಾಸು, ಅದಕ್ಕೆ ಹತ್ತಿರವಾದಷ್ಟೂ ಪ್ರೋಟೀನ್ ಗಂಟುಕಟ್ಟುತ್ತದೆ. ಕರಗದೆ ಉಳಿದದ್ದೇ ಆ ಬಿಳಿ ಕಾಳು. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟು ಪಿಎಚ್ 10ಕ್ಕೆ ತನ್ನಿ. 12ರತ್ತ ಹೋಗಬೇಡಿ, ಅಣುಗಳು ಒಂದನ್ನೊಂದು ದೂಡುವುದೇ ಜಾಸ್ತಿಯಾಗಿ ಜಾಲ ಕೂಡುವುದಿಲ್ಲ.

60 ಡಿಗ್ರಿ ಸಾಲದು. ಮಡಚಿಕೊಂಡಿರುವ ಪ್ರೋಟೀನ್ ಬಿಚ್ಚಿಕೊಂಡರೆ ಮಾತ್ರ ಒಳಗಿನ ಗಂಧಕದ ಗುಂಪುಗಳು ಹೊರಬಂದು ಡೈಸಲ್ಫೈಡ್ ಬಂಧ (ಗಂಧಕ-ಗಂಧಕದ ಕೊಂಡಿ) ಕಟ್ಟುತ್ತವೆ. ಬೀಕರ್ ಮುಚ್ಚಿ, ವಾಟರ್ ಬಾತ್‌ನಲ್ಲಿ 90 ಡಿಗ್ರಿ, 30 ನಿಮಿಷ. ಗ್ಲಿಸರಾಲ್ 2.5 ಗ್ರಾಂ, ಅಂದರೆ ಪ್ರೋಟೀನಿನ ಅರ್ಧ. ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆಯಿರಿ. ಬಿಸಿ ಇರುವಾಗಲೇ ನಿರ್ವಾತ ಕೊಟ್ಟರೆ ದ್ರಾವಣವೇ ಕುದಿದು ನೊರೆಯಾಗುತ್ತದೆ.

ಮೈಕ್ರಾನ್
25 ಮಿಲಿ ಯಾಕೆ? ಲೆಕ್ಕ ಹಾಕಿ. 9 ಸೆಂಮೀ ಡಿಶ್‌ನ ವಿಸ್ತೀರ್ಣ ಸುಮಾರು 64 ಚದರ ಸೆಂಮೀ. 100 ಮೈಕ್ರಾನ್ ದಪ್ಪಕ್ಕೆ, ಸಾಂದ್ರತೆ 1.3 ಎಂದು ಹಿಡಿದರೆ, 0.83 ಗ್ರಾಂ ಘನಾಂಶ ಸಾಕು. 2.5 ಗ್ರಾಂ ಗ್ಲಿಸರಾಲ್ ಹಾಕಿದ ದ್ರಾವಣದಲ್ಲಿ ಘನಾಂಶ ಶೇ 7, ಹಾಗಾಗಿ 12 ಗ್ರಾಂ ಹೊಯ್ದರೆ ಆಯಿತು. ಮಿಲಿಯಲ್ಲಿ ಅಳೆಯುವ ಬದಲು ತೂಗಿ ಹೊಯ್ಯಿರಿ, ತಟ್ಟೆಯಡಿ ಸ್ಪಿರಿಟ್ ಲೆವೆಲ್ ಇಡಿ.

ಬಿರುಕಿನ ಕಾರಣ ಓವನ್. ಮೇಲೆ ಬೇಗ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಒಳಗಿನದು ಕುಗ್ಗುವಾಗ ಮೊದಲೇ ಒಣಗಿದ ಅಂಚು ಸೀಳುತ್ತದೆ. 25 ಡಿಗ್ರಿ, ಶೇ 50 ತೇವಾಂಶದಲ್ಲಿ ಒಂದೆರಡು ದಿನ ಬಿಡಿ. ಗಾಜಿಗೆ ಪ್ರೋಟೀನ್ ಅಂಟಿಬಿಡುತ್ತದೆ, ಟೆಫ್ಲಾನ್ ಲೇಪದ ತಟ್ಟೆ ಬಳಸಿ. ಪೂರ್ತಿ ಒಣಗಿ ಗರಿಗರಿಯಾದದ್ದನ್ನು ಎಬ್ಬಿಸಲೇಬೇಡಿ. ಮೆಗ್ನೀಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣವಿಟ್ಟ ಮುಚ್ಚಿದ ಡಬ್ಬಿಯಲ್ಲಿ (25 ಡಿಗ್ರಿಯಲ್ಲಿ ಸುಮಾರು ಶೇ 53 ತೇವಾಂಶ) 48 ಗಂಟೆ ಇಟ್ಟು ಆಮೇಲೆ ಸುಲಿಯಿರಿ.

ತೆಳುಪದರ
ಈಗ ಇಡಿಯಾಗಿ ಏಳುತ್ತಿದೆ, ಪಾರದರ್ಶಕವಾಗಿದೆ. ಆದರೆ ಗಾಳಿ ತೇವವಾದರೆ ಜೋಲುಬಿದ್ದು ಕೈಗೆ ಅಂಟುತ್ತದೆ. ಮೆದುಗೊಳಿಸಲು ಗ್ಲಿಸರಾಲ್ ಬದಲು ಸಾರ್ಬಿಟಾಲ್ ಹಾಕಲೇ?

ಬೀಕರ್
ಪೂರ್ತಿ ಬದಲಿಸಬೇಡಿ. ಸಾರ್ಬಿಟಾಲ್ ನೀರು ಕಡಿಮೆ ಹೀರುತ್ತದೆ ನಿಜ, ಆದರೆ ಇಟ್ಟಲ್ಲೇ ಹರಳುಗಟ್ಟಿ ಫಿಲ್ಮ್ ಬೆಳ್ಳಗಾಗಿ ಪೆಡಸಾಗುತ್ತದೆ. ಅರ್ಧ ಅರ್ಧದಿಂದ ಶುರುಮಾಡಿ.

ಮೈಕ್ರಾನ್
ಅಂಟುವುದು ಅದರಿಂದ ಕಡಿಮೆಯಾದೀತು, ಫಿಲ್ಮ್ ಮೂಲಕ ನೀರಾವಿ ದಾಟುವುದು ಅಷ್ಟಾಗಿ ನಿಲ್ಲದು. ಅದಕ್ಕೆ ಜೇನುಮೇಣ: ಪ್ರೋಟೀನಿನ ತೂಕದ ಶೇ 20ರಷ್ಟನ್ನು ಬಿಸಿ ದ್ರಾವಣಕ್ಕೇ ಹಾಕಿ (ಮೇಣ ಕರಗುವುದು 62–64 ಡಿಗ್ರಿಯಲ್ಲಿ), ಹೋಮೋಜಿನೈಸರ್‌ನಲ್ಲಿ (ಹನಿಗಳನ್ನು ನುಣ್ಣಗೆ ಒಡೆಯುವ ಯಂತ್ರ) ಕಡೆದು, ತಕ್ಷಣ ಐಸ್ ನೀರಿನಲ್ಲಿ ತಣಿಸಿ. ಮ್ಯಾಗ್ನೆಟಿಕ್ ಸ್ಟರರ್‌ನಿಂದ ಆಗುವ ಕೆಲಸವಲ್ಲ. ಹನಿ ದಪ್ಪವಾದರೆ ಮೇಣ ಮೇಲೆ ತೇಲಿ, ಫಿಲ್ಮ್‌ನ ಒಂದು ಮುಖ ಜಿಡ್ಡು, ಇನ್ನೊಂದು ಬರೀ ಪ್ರೋಟೀನ್ ಆಗುತ್ತದೆ. ಪಾರದರ್ಶಕತೆ ಹೋಗುತ್ತದೆ, ಫಿಲ್ಮ್‌ನ ಬಲವೂ ತುಸು ತಗ್ಗುತ್ತದೆ.

ಇಷ್ಟಾದರೂ ಆವಿ ತಡೆಯುವುದರಲ್ಲಿ ಪಾಲಿಥೀನ್‌ಗೆ ಸರಿಸಮ ಆಗದು. ಪ್ರೋಟೀನ್ ಫಿಲ್ಮ್ ಚೆನ್ನಾಗಿ ತಡೆಯುವುದು ಆಮ್ಲಜನಕವನ್ನು, ಅದೂ ಒಣಗಿರುವಾಗ. ಆದ್ದರಿಂದ ಯಾವ ಅಂಕಿ ಬರೆದರೂ ಪಕ್ಕದಲ್ಲಿ ತೇವಾಂಶ, ಉಷ್ಣಾಂಶ, ದಪ್ಪ ಮೂರನ್ನೂ ಬರೆದಿಡಿ.