ತೋರಿಕೆಯ ವೇಗವೋ, ಅಡ್ಡವೇಗವೋ?

ಸೂರ್ಯನಿಂದ ಸಿಡಿದು ಹೊರಬೀಳುವ ಕರೋನಾ (ಸೂರ್ಯನ ಹೊರ ವಾತಾವರಣ) ರಾಶಿಯ ಬಗ್ಗೆ ಬರೆಯುವಾಗ ಒಂದು ಪದ ಬೇಕಾಗಿದೆ. ಕರೋನಲ್ ಮಾಸ್ ಇಜೆಕ್ಷನ್ ಎನ್ನುತ್ತಾರಲ್ಲ, ಅದನ್ನು ಸದ್ಯಕ್ಕೆ 'ಕರೋನಾ ಸಿಡಿತ' ಎಂದಿಟ್ಟುಕೊಂಡಿದ್ದೇನೆ. ತೊಡಕಿರುವುದು ಅದರ ವೇಗದ ಹೆಸರಿನಲ್ಲಿ.

ಭೂಮಿಯ ಕಡೆಯಿಂದ ಸೂರ್ಯನನ್ನು ನೋಡುವ ಸೋಹೋ ನೌಕೆಯ ಲಾಸ್ಕೋ ಉಪಕರಣದಲ್ಲಿ ಒಂದು ತಟ್ಟೆ ಸೂರ್ಯಬಿಂಬವನ್ನು ಮರೆಮಾಡುತ್ತದೆ. ಸುತ್ತಲಿನ ಮಸುಕು ಕರೋನಾ ಮಾತ್ರ ಚಿತ್ರದಲ್ಲಿ ಮೂಡುತ್ತದೆ. ಸಿಡಿತದ ಮುಂದಿನ ಅಂಚು ಒಂದು ಚಿತ್ರದಲ್ಲಿ ಸೂರ್ಯನ ಕೇಂದ್ರದಿಂದ 5 ಸೌರತ್ರಿಜ್ಯ ದೂರದಲ್ಲಿದೆ, ಗಂಟೆ ಕಳೆದ ಮೇಲಿನ ಚಿತ್ರದಲ್ಲಿ 10ರಲ್ಲಿದೆ ಅಂದುಕೊಳ್ಳಿ. ಒಂದು ಸೌರತ್ರಿಜ್ಯ ಸುಮಾರು 6,96,000 ಕಿ.ಮೀ. ಲೆಕ್ಕ ಹಾಕಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ 970 ಕಿ.ಮೀ. ಬರುತ್ತದೆ.

ಆದರೆ ಇದು ಸಿಡಿತದ ಪೂರ್ತಿ ವೇಗವಲ್ಲ. ಚಿತ್ರ ಚಪ್ಪಟೆ. ಸಿಡಿತ ನೌಕೆಯ ಕಡೆಗೆ ಎಷ್ಟು ಮುಂದೆ ಬಂತು ಎನ್ನುವುದು ಅದರಲ್ಲಿ ಸಿಗುವುದಿಲ್ಲ. ನೋಟಕ್ಕೆ ಅಡ್ಡಲಾಗಿ ಸರಿದದ್ದಷ್ಟೇ ಸಿಗುತ್ತದೆ. ಸೂರ್ಯ ಮತ್ತು ನೌಕೆಯನ್ನು ಸೇರಿಸುವ ಗೆರೆಗೆ ಬರೀ 30 ಡಿಗ್ರಿ ಓರೆಯಲ್ಲಿ ಆ ಅಂಚು ಬರುತ್ತಿದ್ದರೆ ನಿಜವಾದ ವೇಗ ಇದರ ಎರಡರಷ್ಟು. ದಾರಿಯಲ್ಲಿ ವೇಗ ಬದಲಾಗುವುದಿಲ್ಲ ಎಂದುಕೊಂಡರೂ, ಭೂಮಿಯಷ್ಟು ದೂರ ಕ್ರಮಿಸಲು 43 ಗಂಟೆಯ ಬದಲು 22 ಗಂಟೆಯೊಳಗೇ ಮುಗಿಯುತ್ತದೆ. ಹಾಗಾಗಿ ಆ 970ಕ್ಕೆ ಸುಮ್ನೆ 'ವೇಗ' ಅಂದುಬಿಟ್ಟರೆ ಓದುಗರ ದಾರಿ ತಪ್ಪಿಸಿದಂತೆ.

ಶಾಲಾ ಪುಸ್ತಕಗಳು ದಿಕ್ಕಿಲ್ಲದ್ದನ್ನು 'ಜವ', ದಿಕ್ಕು ಸೇರಿದ್ದನ್ನು 'ವೇಗ' ಎಂದು ಬೇರೆ ಮಾಡುತ್ತವೆ. ಅದು ಇಲ್ಲಿ ನೆರವಿಗೆ ಬರುವುದಿಲ್ಲ, ನಮಗೆ ಬೇಕಿರುವುದು ವೇಗದ ಒಂದು ಪಾಲಿಗೆ ಹೆಸರು.

'ಪ್ರಕ್ಷೇಪಿತ ವೇಗ' ಶಾಸ್ತ್ರಕ್ಕೆ ಸರಿ. ಆದರೆ ಹಳೆಯ ಕಾವ್ಯಗಳನ್ನು ಓದಿದವರಿಗೆ ಪ್ರಕ್ಷಿಪ್ತ ಅಂದರೆ ಆಮೇಲೆ ಯಾರೋ ಸೇರಿಸಿದ ಪದ್ಯ. ಉಳಿದವರು ಎಸೆದಾಗಿನ ವೇಗ ಅಂದುಕೊಳ್ಳಬಹುದು. ಸಿಡಿದು ಬಂದ ವಸ್ತುವಿನ ವಿಷಯದಲ್ಲಂತೂ ಆ ಗೊಂದಲ ಇನ್ನೂ ಜಾಸ್ತಿ. 'ಆಕಾಶ ಸಮತಲ ವೇಗ' ಅಂದರೆ ಆಕಾಶದಲ್ಲಿ ಮಟ್ಟಸವಾಗಿ ಹೋಗುವ ಚಿತ್ರ ಕಣ್ಣಮುಂದೆ ಬರುತ್ತದೆ. 'ತೋರಿಕೆಯ ವೇಗ' ಸುಲಭದ ಮಾತು, ಆದರೆ ತೋರಿಕೆಯಲ್ಲಿ ಸೋಗಿನ ಅರ್ಥ ಅಂಟಿಕೊಂಡಿದೆ. ಈ ಅಳತೆ ಸೋಗಿನದಲ್ಲ, ನಿಜವೇ. ಪೂರ್ತಿಯಲ್ಲ ಅಷ್ಟೇ.

ನನ್ನ ಒಲವು 'ಅಡ್ಡವೇಗ'ದ ಕಡೆಗೆ. ನೋಟಕ್ಕೆ ಅಡ್ಡಲಾಗಿ ಅಂತ ಒಮ್ಮೆ ವಿವರಿಸಿದರೆ ಮತ್ತೆ ಹೇಳಬೇಕಾಗಿಲ್ಲ. ಅಡ್ಡದಾರಿ, ಅಡ್ಡಹೆಸರುಗಳ ನೆನಪಾದೀತು, ನಿಜ. ಆದರೆ ಅಡ್ಡಗೆರೆ, ಅಡ್ಡರಸ್ತೆಗಳೂ ಇವೆಯಲ್ಲ. ನನ್ನನ್ನು ಕಾಡುವ ಅನುಮಾನ ಬೇರೆ: ಚಿತ್ರದಲ್ಲಿ ನೆಟ್ಟಗೆ ಮೇಲಕ್ಕೆ ಏರುವ ಸಿಡಿತಕ್ಕೂ 'ಅಡ್ಡವೇಗ' ಅಂದರೆ ಒಪ್ಪುತ್ತದಾ?

ದಿಕ್ಕು ಗೊತ್ತಾಗಬೇಕಾದರೆ ಇನ್ನೊಂದು ಕೋನದ ನೋಟ ಬೇಕು. 2006ರಲ್ಲಿ ಹಾರಿಸಿದ ಸ್ಟೀರಿಯೋ ಜೋಡಿ ನೌಕೆಗಳು ಅದಕ್ಕೇ ಹುಟ್ಟಿದವು. ಒಂದೇ ಅಂಚನ್ನು ಎರಡು ಕಡೆಯಿಂದ ಗುರುತಿಸಿದರೆ ಅದು ಎಲ್ಲಿದೆ, ಎತ್ತ ಸಾಗಿದೆ ಎಂದು ಲೆಕ್ಕ ಹಾಕಬಹುದು. 2014ರಲ್ಲಿ ಅವುಗಳಲ್ಲಿ ಬಿ ನೌಕೆಯ ಸಂಪರ್ಕ ಕಡಿದುಹೋಯಿತು. ಎ ನೌಕೆಯ ಚಿತ್ರವನ್ನು ಸೋಹೋ ಚಿತ್ರದ ಜೊತೆ ಇಟ್ಟು ನೋಡುವುದು ಮುಂದುವರಿಯಿತು. ಹೀಗೆ ಸಿಕ್ಕಿದ್ದಕ್ಕೆ 'ನಿಜವೇಗ' ಸಾಕು ಅನಿಸುತ್ತದೆ.

ಇನ್ನು ಹೇಲೋ, ಅಂದರೆ ಬಳೆಯಂತೆ ಕಾಣುವ ಸಿಡಿತ. ಸಿಡಿತ ನೇರ ನೌಕೆಯತ್ತ ಬಂದರೆ ಮರೆತಟ್ಟೆಯ ಸುತ್ತ ಬಳೆಯಂತೆ ಹಬ್ಬುತ್ತದೆ. ನೇರ ಆಚೆಗೆ ಹೋದರೂ ಹಾಗೆಯೇ ಕಾಣುತ್ತದೆ! ಎತ್ತ ಹೊರಟಿತೆಂದು ತಿಳಿಯಲು, ಆ ಹೊತ್ತಿಗೆ ನಮ್ಮತ್ತ ಇರುವ ಸೂರ್ಯನ ಮೈಮೇಲೆ ಸ್ಫೋಟದ ಗುರುತಿದೆಯೇ ಎಂದು ಬೇರೆ ಚಿತ್ರದಲ್ಲಿ ಹುಡುಕಬೇಕು. ಅಲ್ಲಿ ಅಳೆಯುವುದು ಬಳೆ ಅಗಲವಾಗುವ ವೇಗ. ಅದಕ್ಕೂ 'ಅಡ್ಡವೇಗ' ಅನ್ನಬಹುದೇ, ಅಥವಾ 'ಹಬ್ಬುವೇಗ' ಅಂತ ಬೇರೆ ಪದ ಬೇಕೇ? ಬಲ್ಲವರು ತಿಳಿಸಿ.