ಹತ್ತು ಜನಕ್ಕೆ ಕಳಿಸಿದ ಫಾರ್ವರ್ಡ್

ಚಿಕ್ಕಪ್ಪ (ಫಾರ್ವರ್ಡ್): ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಬರೀ ಕೆಮಿಕಲ್!! ಅದರ ಬದಲು ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ತಗೊಳ್ಳಿ. ನೂರಕ್ಕೆ ನೂರು ನೈಸರ್ಗಿಕ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನಾನಂತೂ ಸೋಮವಾರದಿಂದ ಮಾತ್ರೆ ಬಿಟ್ಟಿದ್ದೇನೆ.

ಅತ್ತೆ: ಯಾರನ್ನು ಕೇಳಿ ಬಿಟ್ಟೆ?

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಸ್ಟ್ಯಾಟಿನ್ ಮೊದಲು ಸಿಕ್ಕಿದ್ದೇ ಬೂಷ್ಟಿನಲ್ಲಿ. ಜಪಾನಿನ ಸಂಕ್ಯೊ ಕಂಪನಿಯಲ್ಲಿದ್ದ ಅಕಿರಾ ಎಂಡೊ 1971ರಲ್ಲಿ ಹುಡುಕಲು ಶುರು ಮಾಡಿದರು. ಸುಮಾರು 6000 ಬಗೆಯ ಬೂಷ್ಟು ಬೆಳೆಸಿ, ಒಂದೊಂದರ ರಸವನ್ನೂ ಇಲಿಯ ಲಿವರ್‌ನಿಂದ ತೆಗೆದ ಸಾರಕ್ಕೆ ಬೆರೆಸಿ, ಕೊಲೆಸ್ಟ್ರಾಲ್ ತಯಾರಾಗೋದು ನಿಲ್ಲುತ್ತಾ ಅಂತ ನೋಡುತ್ತಾ ಕೂತರು. ಕೊನೆಗೆ ಕೈ ಹಿಡಿದದ್ದು ಕ್ಯೋಟೊದ ಒಂದು ಅಂಗಡಿಯ ಅಕ್ಕಿಯಲ್ಲಿದ್ದ ನೀಲಿ-ಹಸಿರು ಪೆನಿಸಿಲಿಯಂ ಬೂಷ್ಟು.

ಅಣ್ಣ: ಬೂಷ್ಟಿಗೆ ನಮ್ಮ ಕೊಲೆಸ್ಟ್ರಾಲ್ ಮೇಲೆ ಯಾಕೆ ಕಣ್ಣು?

ನಾನು: ನಮ್ಮ ಮೇಲಲ್ಲ, ಪಕ್ಕದ ಸೂಕ್ಷ್ಮಜೀವಿಗಳ ಮೇಲೆ. ಅವಕ್ಕೂ ಬದುಕಲು ಇಂಥದ್ದೇ ವಸ್ತು ಬೇಕು, ಅದು ತಯಾರಾಗದ ಹಾಗೆ ತಡೆಯುವ ಬೂಷ್ಟು ಎಲ್ಲೋ ಇರಬೇಕು ಅಂತ ಎಂಡೊ ಲೆಕ್ಕ. ನಮ್ಮ ಲಿವರ್‌ನಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಅಂತ, ಕೊಲೆಸ್ಟ್ರಾಲ್ ತಯಾರಿಗೆ ಬೇಕಾದ ಕಿಣ್ವ ಇದೆಯಲ್ಲ, ಸ್ಟ್ಯಾಟಿನ್ ಹೋಗಿ ಅದರ ಬಾಯಲ್ಲೇ ಕೂರುತ್ತದೆ. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಕೂರಬೇಕಾದ ಸರಕಿಗೆ ಜಾಗ ಇರಲ್ಲ.

ಅಣ್ಣ: ಚಿಕ್ಕಪ್ಪನದು ಅಟೋರ್ವಸ್ಟ್ಯಾಟಿನ್ ಕಣೇ. ಅದು ಬೂಷ್ಟಿನದಲ್ಲ, ಫ್ಯಾಕ್ಟರಿಯದು.

ನಾನು: ಒಪ್ಪಿದೆ. ಆದರೆ ಅದು ಟವೆಲ್ ಹಾಕೋದೂ ಅದೇ ಸೀಟಿಗೆ.

ಚಿಕ್ಕಪ್ಪ: ನೋಡಿದ್ಯಾ, ಕೆಮಿಕಲ್ಲೇ! ನಾನು ಅಕ್ಕೀದೇ ತಗೊಳ್ಳುತ್ತೇನೆ.

ನಾನು: ಅಯ್ಯೋ, ಅಲ್ಲೇ ಇರೋದು ತಮಾಷೆ. 1979ರಲ್ಲಿ ಇದೇ ಎಂಡೊ ಮೊನಾಸ್ಕಸ್ ಅನ್ನೋ ಬೂಷ್ಟಿನಿಂದ ಮೊನಾಕೊಲಿನ್ ಕೆ ಅನ್ನೋ ಸ್ಟ್ಯಾಟಿನ್ ತೆಗೆದರು. ನಿಮ್ಮ ಅಕ್ಕಿಯನ್ನು ಕೆಂಪು ಮಾಡೋದು ಅದೇ ಜಾತಿಯ ಬೂಷ್ಟು. ಮರ್ಕ್ ಕಂಪನಿಗೆ ಆಸ್ಪರ್ಜಿಲಸ್ ಅನ್ನೋ ಇನ್ನೊಂದು ಬೂಷ್ಟಿನಲ್ಲಿ ಸಿಕ್ಕ ಲೋವಸ್ಟ್ಯಾಟಿನ್ ಕೂಡ ಅದೇ ವಸ್ತು. ಅದಕ್ಕೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂದರೆ ನೀವು ಸ್ಟ್ಯಾಟಿನ್ ಬಿಟ್ಟು ಸ್ಟ್ಯಾಟಿನ್ನೇ ನುಂಗುತ್ತಿದ್ದೀರಿ, ಎಷ್ಟು ಅಂತ ಗೊತ್ತಿಲ್ಲದೆ. ಡಬ್ಬಿ ಮೇಲೆ ಏನು ಬರೆದಿದೆ?

ಚಿಕ್ಕಪ್ಪ: 600 ಮಿ.ಗ್ರಾಂ.

ನಾನು: ಅದು ಅಕ್ಕಿಯ ತೂಕ. ಮೊನಾಕೊಲಿನ್ ಎಷ್ಟು?

ಚಿಕ್ಕಪ್ಪ: ಕನ್ನಡಕ ಹಾಕಿಕೊಂಡು ನೋಡಿದೆ. ಬರೆದೇ ಇಲ್ಲ.

ಅತ್ತೆ: ನಾಳೆ ಡಾಕ್ಟರ್ ಹತ್ತಿರ ಹೋಗು. ಡಬ್ಬಿನೂ ತಗೊಂಡು ಹೋಗು.

ಚಿಕ್ಕಪ್ಪ: ಹತ್ತು ಜನಕ್ಕೆ ಕಳಿಸಿಬಿಟ್ಟೆನಲ್ಲೇ.

ಅತ್ತೆ: ಬೀಗರಿಗೂನಾ?

ಚಿಕ್ಕಪ್ಪ: ಅವರು ಆಗಲೇ ಎರಡು ಡಬ್ಬಿ ತರಿಸಿದ್ದಾರೆ.